ಅಮ್ಮನ ಪಾಳಿಗೊಂದು ಅರೇ ಫಾರ್ಮುಲಾ

ಟೈರು ಗೋದಾಮಿನ ಸ್ಟಾಕ್ ಸಾಹೇಬರಿಗೆ ಲೋಕದ ಮೇಲಿದ್ದ ಸಿಟ್ಟು ಒಂದೇ. ಅವರ ಅರೇ ಫಾರ್ಮುಲಾವನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ.

(‘ಸಾಹೇಬರು’ ಎಂಬುದು ಕಂಪನಿ ಕೊಟ್ಟ ಹುದ್ದೆಯಲ್ಲ. ಗೋದಾಮಿನಲ್ಲಿ ಟೈರು ಉರುಳಿಸುವವರು ತಮಾಷೆಗೆ ಇಟ್ಟ ಹೆಸರು. ಅದು ತಮಾಷೆ ಎಂದು ಗೊತ್ತಿಲ್ಲದವರು ಸಾಹೇಬರೊಬ್ಬರೇ.)

ಸ್ಪ್ರೆಡ್‌ಶೀಟಿನಲ್ಲಿ ಮಾಮೂಲಿ ಫಾರ್ಮುಲಾ ಬರೆಯುವವರು ಬೀದಿಗೊಬ್ಬರಿದ್ದಾರೆ. ಅದು ಒಂದು ಚೌಕದಲ್ಲಿ ಕೂತು ಆ ಒಂದು ಚೌಕದ ಲೆಕ್ಕ ಮಾಡಿ ಸುಮ್ಮನಾಗುವ ಬಡಪಾಯಿ. ಅರೇ ಫಾರ್ಮುಲಾ ಹಾಗಲ್ಲ. ಅದು ಇಡೀ ಕಾಲಮ್ಮನ್ನೇ ಒಂದು ತುತ್ತಿಗೆ ಬಾಯಿಗೆ ಹಾಕಿಕೊಂಡು, ಎಲ್ಲ ಸಾಲುಗಳನ್ನೂ ಏಕಕಾಲಕ್ಕೆ ವಿಚಾರಣೆ ಮಾಡಿ, ಎಲ್ಲರಿಗೂ ಒಟ್ಟಿಗೆ ತೀರ್ಪು ಕೊಡುತ್ತದೆ. ಅದನ್ನು ಜಾರಿಗೊಳಿಸಲು ಬರೀ ಎಂಟರ್ ಒತ್ತಿದರೆ ಸಾಲದು. ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಒತ್ತಿದ ಕೂಡಲೇ ಫಾರ್ಮುಲಾದ ಎರಡೂ ಬದಿಗೆ ಮೀಸೆಯಂಥ ಆವರಣ ಚಿಹ್ನೆಗಳು ತಾವಾಗಿ ಮೂಡುತ್ತವೆ. ಆ ಮೀಸೆ ಮೂಡಿದಾಗಲೆಲ್ಲ ಸಾಹೇಬರ ಕೈ ತನ್ನಷ್ಟಕ್ಕೆ ತಮ್ಮ ಮೀಸೆಯ ಮೇಲೆ ಹೋಗುತ್ತಿತ್ತು.

ಈ ವಿದ್ಯೆಯನ್ನು ಅವರು ಊಟದ ಬಿಡುವಿನಲ್ಲಿ ವೀಡಿಯೋ ನೋಡಿ ನೋಡಿ ಕಲಿತಿದ್ದರು. ಕಲಿತು, ಗೋದಾಮಿನ ಸ್ಟಾಕನ್ನೆಲ್ಲ ಒಂದೇ ಫಾರ್ಮುಲಾದಲ್ಲಿ ಕಟ್ಟಿ, ಮ್ಯಾನೇಜರನ ಮುಂದೆ ಹಿಡಿದಿದ್ದರು. ಮ್ಯಾನೇಜರ್ ಸಾಹೇಬರ ಅರ್ಧ ವಯಸ್ಸಿನವನು. ಅವನು ಫೋನಿನಿಂದ ತಲೆ ಎತ್ತದೆ, “ಲಾರಿ ಟೈರು ಎಷ್ಟಿದೆ ಅಂತ ಹೇಳಿ ಸಾಕು. ಹೇಗೆ ಎಣಿಸಿದ್ರಿ ಅಂತ ನನಗ್ಯಾಕೆ?” ಎಂದಿದ್ದ. ಆ ಮಾತು ಸಾಹೇಬರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಎಲ್ಲಾದರೂ, ಯಾರ ಮುಂದಾದರೂ, ತಮ್ಮ ಫಾರ್ಮುಲಾ ಒಮ್ಮೆ ಗೆದ್ದು ತೋರಿಸಬೇಕೆಂದು ಅವರು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದರು.

ಅಂಥ ಹೊತ್ತಿನಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು.

ಅಮ್ಮ ಒಂದು ಕಾಲದಲ್ಲಿ ಅರ್ಧ ಊರಿನ ಮಕ್ಕಳ ಶಾಲೆ ಯೂನಿಫಾರ್ಮ್ ಹೊಲಿದವಳು. ಕಣ್ಣಲ್ಲೇ ಅಳತೆ ತೆಗೆಯುವವಳು. ನಾಲಿಗೆಯೂ ಕತ್ತರಿಯಷ್ಟೇ ಚುರುಕು. ಅವಳ ಮೂಳೆಗೆ ಆಸ್ಪತ್ರೆಯಲ್ಲಿ ಕಂಬಿ ಹಾಕಿ ಕಳಿಸಿದ ಡಾಕ್ಟರು, ಒಂದೂವರೆ ತಿಂಗಳು ನೆಲಕ್ಕೆ ಕಾಲೂರಬಾರದು, ಹಗಲಿಡೀ ಯಾರಾದರೂ ಪಕ್ಕದಲ್ಲಿರಬೇಕು ಎಂದಿದ್ದರು. ‘ಯಾರಾದರೂ’ ಎಂಬ ಶಬ್ದ ಆ ಮನೆಯಲ್ಲಿ ಯಾರನ್ನು ಸೂಚಿಸುತ್ತದೆ ಎಂದು ಹೇಳಬೇಕಾಗಿರಲಿಲ್ಲ. ಸಾಹೇಬರ ಹೆಂಡತಿ ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ರಜೆ ಹಾಕಿ ಅತ್ತೆಯ ಪಕ್ಕ ಕೂತಳು. ಮೊದಲ ವಾರ ಕಳೆಯಿತು. ಎರಡನೆಯ ವಾರ ಅಂಗಡಿಯಿಂದ ಫೋನು ಬಂತು.

ಅವಳು ಆ ವಿಷಯ ಹೇಳಿದಾಗ ಸಾಹೇಬರು ಲ್ಯಾಪ್‌ಟಾಪಿನ ಮುಂದಿದ್ದರು.

“ರೀ, ಸೋಮವಾರದಿಂದ ಬರ್ದೇ ಇದ್ರೆ ಬೇರೆ ಹುಡುಗಿನ ಇಟ್ಕೋತಾರಂತೆ. ಓನರು ನೇರವಾಗೇ ಹೇಳಿದ್ರು.”

“ಹೌದಾ.”

“ಹೌದಾ ಅಲ್ಲ. ನಿಮ್ಮಕ್ಕ ಇದ್ದಾರೆ, ನಿಮ್ಮ ತಮ್ಮ ಇದ್ದಾನೆ. ಅವರ ಅಮ್ಮ ತಾನೆ? ನೀವೊಂದು ಮಾತು ಕೇಳಿ.”

ಆಗಲೇ ಸಾಹೇಬರಿಗೆ ಜ್ಞಾನೋದಯವಾಯಿತು. ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಕೇಳೋದೇನು? ಬಾಯಲ್ಲಿ ಕೇಳಿದ್ರೆ ಜಗಳ. ಒಂದು ಶೀಟು ಮಾಡ್ತೀನಿ. ಯಾರ್ಯಾರಿಗೆ ಯಾವ್ಯಾವಾಗ ಏನೇನು ತೊಂದರೆ ಎಲ್ಲಾ ಹಾಕ್ತೀನಿ. ಯಾವ ದಿನ ಯಾರ ಪಾಳಿ ಅಂತ ಫಾರ್ಮುಲಾನೇ ಹೇಳುತ್ತೆ. ಅದಕ್ಕೆ ಅಕ್ಕನೂ ಒಂದೇ, ತಮ್ಮನೂ ಒಂದೇ. ಪಕ್ಷಪಾತ ಅನ್ನೋದೇ ಇಲ್ಲ.”

“ನನ್ನ ಅಂಗಡಿ ವಿಷಯಾನೂ ಹಾಕಿ.”

“ಹಾಕ್ತೀನಿ, ಹಾಕ್ತೀನಿ.” ಅಷ್ಟು ಹೊತ್ತಿಗಾಗಲೇ ಅವರು ಕಾಲಮ್ಮುಗಳಿಗೆ ಬಣ್ಣ ಹಾಕುತ್ತಿದ್ದರು.

ಅಕ್ಕ, ತಮ್ಮ ಇಬ್ಬರಿಗೂ ಫೋನು ಹೋಯಿತು. ಶೀಟು ಎಂದ ಕೂಡಲೇ ಇಬ್ಬರೂ ಸಾಹೇಬರನ್ನು ಹೊಗಳಿದ ರೀತಿಗೆ ಬೇರೆ ಯಾರಾದರೂ ಆಗಿದ್ದರೆ ಅನುಮಾನ ಪಡುತ್ತಿದ್ದರು. ಸಾಹೇಬರು ಪುಳಕಗೊಂಡರು. “ನಿಮ್ಮ ನಿಮ್ಮ ತೊಂದರೆಗಳನ್ನ ಕಳಿಸಿ” ಎಂದರು. ತೊಂದರೆಗಳು ಮಳೆಯಂತೆ ಸುರಿದವು.

ಅಕ್ಕ ಬ್ಯೂಟಿ ಪಾರ್ಲರ್ ನಡೆಸುವವಳು. ಅವಳ ತೊಂದರೆಗಳು ಧ್ವನಿ ಸಂದೇಶದಲ್ಲಿ ಬಂದವು. ಹಿನ್ನೆಲೆಯಲ್ಲಿ ಯಾರದೋ ಕೂದಲು ಒಣಗುವ ಭೋರ್ಗರೆತ. “ಶನಿವಾರ ಭಾನುವಾರ ಪಾರ್ಲರಲ್ಲಿ ಕಾಲಿಡೋಕೆ ಜಾಗ ಇರಲ್ಲ ಕಣೋ. ಮಂಗಳವಾರ ರಜ, ನಿಜ, ಆದ್ರೆ ನಾನು ಉಸಿರು ಬಿಡೋದೇ ಅವತ್ತು. ಉಳಿದ ದಿನ ಬಂದೇ ಬರ್ತಿದ್ದೆ. ಏನ್ಮಾಡ್ಲಿ, ಬೆಡ್‌ಪ್ಯಾನ್ ಕಂಡ್ರೆ ನನಗೆ ತಲೆ ತಿರುಗುತ್ತೆ. ನಾನೂ ಬಿದ್ರೆ ಆಮೇಲೆ ನೀನು ಇಬ್ಬರನ್ನ ನೋಡ್ಕೋಬೇಕು.”

ತಮ್ಮ ಡ್ರೈವಿಂಗ್ ಶಾಲೆಯವನು. “ಬೆಳಗ್ಗೆ ಕಲಿಯೋರು ಬರ್ತಾರೆ ಅಣ್ಣ, ಸಂಜೆನೂ ಕಲಿಯೋರು ಬರ್ತಾರೆ. ಮಧ್ಯಾಹ್ನ ಬಿಡುವು. ಆದ್ರೆ ಆ ಹೊತ್ತಲ್ಲಿ ಕಾರು ಬಿಸಿಯಾಗಿರುತ್ತೆ.”

“ಕಾರು ಬಿಸಿಯಾದ್ರೆ ನಿನಗೇನೋ?”

“ತಣ್ಣಗಾಗೋವರೆಗೂ ನಾನು ಅದರ ಜೊತೆ ಇರಬೇಕಲ್ಲ ಅಣ್ಣ.” ಅವನ ಹೆಂಡತಿಗೆ ನೋವಿನ ಎಣ್ಣೆಯ ವಾಸನೆಗೆ ಸೀನು ಹತ್ತಿದರೆ ನಿಲ್ಲುವುದಿಲ್ಲವಂತೆ. ಅದಕ್ಕೂ ಒಂದು ಕಾಲಂ ಬೇಕೆಂದ. ಸಾಹೇಬರು ‘ಸೀನು’ ಎಂಬ ಹೊಸ ಕಾಲಂ ತೆರೆದರು.

ಎಲ್ಲವನ್ನೂ ಅವರು ಪ್ರಾಮಾಣಿಕವಾಗಿ ತುಂಬಿದರು. ತೊಂದರೆ ಇದ್ದ ಕಡೆ ಸೊನ್ನೆ, ಇಲ್ಲದ ಕಡೆ ಒಂದು. ತಮ್ಮದೇ ಸಾಲಿಗೆ ಬಂದಾಗ ವಾರದ ದಿನಗಳಿಗೆಲ್ಲ ‘ಗೋದಾಮು’ ಎಂದು ಸೊನ್ನೆ ಹಾಕಿಕೊಂಡರು. ಭಾನುವಾರ ಏನು ಹಾಕಬೇಕೆಂದು ಸ್ವಲ್ಪ ಯೋಚಿಸಿ, ‘ಶೀಟ್ ನಿರ್ವಹಣೆ’ ಎಂದು ಅದಕ್ಕೂ ಒಂದು ಸೊನ್ನೆ ಹಾಕಿದರು. ಹೆಂಡತಿಯ ಸಾಲೊಂದು ಉಳಿಯಿತು. ಅದಕ್ಕೆ ‘ಇವಳು’ ಎಂದು ಹೆಸರು ಕೊಟ್ಟರು. (ಬೇರೆಯವರ ಮುಂದೆ ಹೇಳುವಾಗಲೂ ಹಾಗೆಯೇ ಹೇಳುತ್ತಿದ್ದರು.) ಆ ಸಾಲಿನ ಚೌಕಗಳಲ್ಲೆಲ್ಲ ತಾತ್ಕಾಲಿಕವಾಗಿ ಒಂದು, ಒಂದು, ಒಂದು ಎಂದು ತುಂಬಿ, ಆಮೇಲೆ ವಿಚಾರಿಸಿದರಾಯಿತು ಎಂದುಕೊಂಡರು. ಆಮೇಲೆ ಫಾರ್ಮುಲಾ ಬರೆಯುವ ಸಡಗರದಲ್ಲಿ ಅದು ಅವರ ತಲೆಯಿಂದ ಹಾರಿಹೋಯಿತು.

ಭಾನುವಾರ ಬೆಳಗ್ಗೆ ಕುಟುಂಬವೆಲ್ಲ ಹಾಲಿನಲ್ಲಿ ಸೇರಿತು. ಸಾಹೇಬರು ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿದ್ದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಟಿವಿಯ ಎದುರು ಗೋಡೆಗೆ ಅಮ್ಮನ ಮಂಚ. ಸೊಸೆ ಹೊಸದಾಗಿ ಮಾಡಿಸಿಕೊಟ್ಟಿದ್ದ ಕನ್ನಡಕ ಹಾಕಿಕೊಂಡು ಅಮ್ಮ ಎಲ್ಲರಿಗಿಂತ ಚೆನ್ನಾಗಿ ನೋಡುತ್ತಿದ್ದಳು.

“ಏನೋ ಅದು?”

“ಅರೇ ಫಾರ್ಮುಲಾ ಅಮ್ಮ.”

“ಅರೆ ಯಾಕೆ? ಮಾಡೋದಾದ್ರೆ ಪೂರ್ತಿ ಮಾಡು.”

“ಅರೆ ಅಲ್ಲಮ್ಮ, ಅರೇ. ಅಂದ್ರೆ ಎಲ್ಲಾ ಒಟ್ಟಿಗೆ ಹಾಕಿ...”

“ಒಟ್ಟಿಗೆ ಹಾಕಿ ಅರೆಯೋದಾ? ಅದಕ್ಕೆ ಮಿಕ್ಸಿ ಇದೆಯಲ್ಲ.” ಅಮ್ಮ ಗೋಡೆಯ ಕಡೆ ತಿರುಗಿ, “ಇಷ್ಟು ವರ್ಷ ಇವನು ಆಫೀಸಲ್ಲಿ ಅರೆದದ್ದು ಇದೇನೇ” ಎಂದಳು. ತಮ್ಮ ಕೆಮ್ಮಿ ನಗು ನುಂಗಿದ.

ಸಾಹೇಬರು ಸೊಪ್ಪು ಹಾಕಲಿಲ್ಲ. ಎದ್ದು ನಿಂತು ಒಂದು ಸಣ್ಣ ಭಾಷಣ ಮಾಡಿದರು. ಒಬ್ಬೊಬ್ಬರ ತೊಂದರೆಗಳನ್ನೂ ಒಂದಕ್ಕೊಂದು ಗುಣಿಸಲಾಗುತ್ತದೆ. ಎಷ್ಟೇ ಒಂದುಗಳಿರಲಿ, ನಡುವೆ ಒಂದು ಸೊನ್ನೆ ಇದ್ದರೆ ಗುಣಲಬ್ಧ ಸೊನ್ನೆ. ಯಾರ ಗುಣಲಬ್ಧ ಒಂದು ಬರುತ್ತದೋ ಆ ದಿನ ಅವರ ಪಾಳಿ. “ಇಲ್ಲಿ ನನ್ನ ಕೈವಾಡ ಏನೂ ಇಲ್ಲ. ಗಣಿತ ಹೇಳಿದ್ದನ್ನ ಎಲ್ಲರೂ ಒಪ್ಕೋಬೇಕು. ಒಪ್ಪಿಗೇನಾ?”

“ಒಪ್ಪಿಗೆ” ಎಂದಳು ಅಕ್ಕ, ಉಗುರು ನೋಡಿಕೊಳ್ಳುತ್ತ.

“ಒಪ್ಪಿಗೆ ಅಣ್ಣ” ಎಂದ ತಮ್ಮ, ಕೀಚೈನು ತಿರುಗಿಸುತ್ತ.

ಹೆಂಡತಿ ಅಡುಗೆಮನೆಯಿಂದ ಟೀ ಲೋಟಗಳ ತಟ್ಟೆ ಹಿಡಿದು ಬರುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಸಾಹೇಬರು ಒಂದೂವರೆ ತಿಂಗಳಲ್ಲಿ ಉಳಿದ ದಿನಗಳ ಎದುರಿನ ಖಾಲಿ ಕಾಲಮ್ಮನ್ನು ಪೂರ್ತಿ ಆರಿಸಿಕೊಂಡರು, ಬೆರಳು ನೆಟಿಗೆ ಮುರಿದರು, ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರು. ಮೀಸೆ ಮೂಡಿತು. ಕಾಲಂ ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿಗೆ ತುಂಬಿಕೊಂಡಿತು.

ಇವಳು. ಇವಳು. ಇವಳು. ಇವಳು. ಇವಳು.

ಸಾಹೇಬರು ಕೆಳಗೆ ಸರಿಸಿದರು. ಇವಳು. ಇನ್ನೂ ಕೆಳಗೆ ಸರಿಸಿದರು. ಭಾನುವಾರಗಳಿಗೆ ಕೆಂಪು ಬಣ್ಣ ಹಾಕಿದ್ದರಿಂದ ಅಲ್ಲಿ ಕೆಂಪು ಇವಳು.

ಫಾರ್ಮುಲಾದಲ್ಲಿ ಎಲ್ಲೋ ತಪ್ಪಿದೆ ಎಂದು ಅವರು ಬೆವರುತ್ತ ಹುಡುಕಿದರು. ತಪ್ಪು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು! ಒಂದು ಅಲ್ಪವಿರಾಮ ಕೂಡ ಆಚೀಚೆಯಾಗಿರಲಿಲ್ಲ. ಅವರ ಬದುಕಿನಲ್ಲಿ ಮೊದಲ ಬಾರಿಗೆ ಫಾರ್ಮುಲಾ ಒಂದೇ ಏಟಿಗೆ ಸರಿಯಾಗಿ ಕೆಲಸ ಮಾಡಿತ್ತು.

“ನೋಡು, ನಾನು ಬರಬೇಕು ಅಂತಾನೇ ಇದ್ದೆ” ಎಂದಳು ಅಕ್ಕ, ಲೋಟ ಎತ್ತಿಕೊಂಡು. “ಗಣಿತಾನೇ ಬೇಡ ಅಂದ್ಮೇಲೆ ಏನು ಮಾಡೋಕಾಗುತ್ತೆ?”

“ಪಕ್ಷಪಾತ ಇಲ್ಲ ಅನ್ನೋದು ಮುಖ್ಯ” ಎಂದ ತಮ್ಮ.

ಹೆಂಡತಿ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟಳು. ಟಿವಿ ನೋಡಿದಳು. ಅವಳು ಕೂಗಾಡಿದ್ದರೆ ಸಾಹೇಬರಿಗೆ ಉತ್ತರ ಗೊತ್ತಿತ್ತು. ಮದುವೆಯಾದಂದಿನಿಂದ ಅಭ್ಯಾಸ ಮಾಡಿದ ಉತ್ತರ ಅದು. ಅವಳು ಕೂಗಲಿಲ್ಲ.

“ಯಾವುದು ನನ್ನ ಸಾಲು?”

“ಅದು... ಐದನೇದು. ಅಲ್ಲ, ನಾನು ಆಮೇಲೆ ವಿಚಾರಿಸೋಣ ಅಂತ...”

“ನಾನು ಹೇಳಿದ್ದೆ.”

“ಹೇಳಿದ್ದೆ. ಹಾಕೋದು ಮರೆತೆ.”

“ಮರೆತ ಕಡೆ ಸೊನ್ನೆ ಬರ್ಲಿಲ್ಲವಲ್ಲ. ಒಂದು ಬಂತು.” ಅವಳು ಲ್ಯಾಪ್‌ಟಾಪಿನ ಮುಂದೆ ಕೂತಳು. “ಸೊನ್ನೆ ಎಲ್ಲಿದೆ ಇದರಲ್ಲಿ? ಇದಾ?” ದಿನವಿಡೀ ಜನರ ಕಿವಿಯ ಹಿಂದೆ ಕೂದಲೆಳೆ ಅಳತೆಯ ತಿರುಪು ಬಿಗಿಯುವ ಬೆರಳುಗಳವು. ಒಂದೊಂದೇ ಚೌಕಕ್ಕೆ ಹೋಗಿ, ನಿಧಾನವಾಗಿ, ಸೊನ್ನೆ ಇಟ್ಟವು. ಸೋಮವಾರಕ್ಕೊಂದು. ಮಂಗಳವಾರಕ್ಕೊಂದು. ಭಾನುವಾರ ಬಂದಾಗ ಅವಳು ತಲೆ ಎತ್ತಿ, “ಭಾನುವಾರ ನಿಮ್ಮದು ಏನೋ ಇದೆಯಲ್ಲ, ನಿರ್ವಹಣೆ? ನನಗೂ ಅದೇ ಇರಲಿ” ಎಂದು ಅದಕ್ಕೂ ಸೊನ್ನೆ ಹಾಕಿದಳು.

ಕಾಲಂ ಮತ್ತೆ ಒಂದೇ ಉಸಿರಿಗೆ ಬದಲಾಯಿತು. ಇವಳು ಇದ್ದ ಕಡೆಯಲ್ಲೆಲ್ಲ ಈಗ #N/A, #N/A, #N/A.

ಶೀಟಿನ ನೆತ್ತಿಯ ಮೇಲೆ ಸಾಹೇಬರು ದೊಡ್ಡ ಅಕ್ಷರದಲ್ಲಿ, ಹೂವಿನ ಅಂಚು ಹಾಕಿ, ‘ಅಮ್ಮ’ ಎಂದು ಬರೆದಿದ್ದರು. ಅದರ ಕೆಳಗೆ ಈ ಸಾಲು ಸಾಲು.

“ಅದೇನೋ ನನ್ನ ಹೆಸರಿನ ಕೆಳಗೆ? ಬೇಲಿ ಹಾಕಿದ ಹಾಗಿದೆ” ಎಂದಳು ಅಮ್ಮ.

“ಏನಿಲ್ಲಮ್ಮ. ಅದು ಯಂತ್ರದ ಭಾಷೆ.”

“ಯಂತ್ರ ಏನಂತೆ?”

ಅಕ್ಕ ಉಗುರು ನೋಡಿಕೊಂಡಳು. ತಮ್ಮನ ಕೀಚೈನು ನಿಂತಿತ್ತು. ಕೊನೆಗೆ ಸೊಸೆಯೇ, ಬಗ್ಗಿದ ತಲೆ ಎತ್ತದೆ, ಹೇಳಿದಳು. “ಯಾರೂ ಸಿಗಲಿಲ್ಲ ಅಂತ, ಅತ್ತೆ.”

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಟಿವಿಯನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ಓದಿದಳು. “ಮೂರು ಜನ ಹೆತ್ತೆ” ಎಂದಳು. ಯಾರಿಗೆ ಹೇಳಿದಳೋ ತಿಳಿಯಲಿಲ್ಲ. “ಆಗ ಗುಣಿಸಿ ನೋಡಬೇಕಾಗಿತ್ತು.”

ಸಾಹೇಬರಿಗೆ ಮೈಯೆಲ್ಲ ಕಾದ ಹಂಚಾಯಿತು. ಮೊದಲು ಆ ಬೇಲಿಯನ್ನು ಅಮ್ಮನ ಕಣ್ಣಿಂದ ಮರೆ ಮಾಡಬೇಕು, ಉಳಿದದ್ದು ಆಮೇಲೆ ಎಂದುಕೊಂಡು ಕೀಲಿಮಣೆಗೆ ಬಿದ್ದರು. ದೋಷ ಬಂದರೆ ಅದರ ಬದಲು ಬೇರೇನನ್ನಾದರೂ ತೋರಿಸು ಎಂದು ಫಾರ್ಮುಲಾಕ್ಕೆ ಹೇಳಿಕೊಡುವ ಉಪಾಯ ಅವರಿಗೆ ಗೊತ್ತಿತ್ತು. ಏನೂ ತೋರಿಸಬೇಡ ಎಂದರು. ಬೇಲಿ ಮಾಯವಾಗಿ ಕಾಲಂ ಬೋಳಾಯಿತು.

“ಈಗ ಏನೂ ಇಲ್ಲವಲ್ಲೋ” ಎಂದಳು ಅಮ್ಮ. “ಬೇಲಿನೇ ವಾಸಿಯಾಗಿತ್ತು.”

“ಏನಾದ್ರೂ ಬರೀರಿ” ಎಂದಳು ಹೆಂಡತಿ ಮೆಲ್ಲಗೆ. “ಅವರು ನೋಡ್ತಿದ್ದಾರೆ.”

ಆ ಗಡಿಬಿಡಿಯಲ್ಲಿ ಸಾಹೇಬರು ‘ನಾನು’ ಎಂದು ಬೆರಳಚ್ಚಿಸಿದರು. ನಾಳೆ ಒಂದು ದಿನದ ಮಟ್ಟಿಗೆ, ಒಂದೇ ಒಂದು ಚೌಕಕ್ಕೆ, ಸಮಯ ಸಾಧಿಸಲು. ಬೆರಳು ಅಭ್ಯಾಸಬಲದಿಂದ ಮೂರು ಕೀಲಿಗಳ ಮೇಲೆ ಒಟ್ಟಿಗೆ ಕೂತುಬಿಟ್ಟಿತು. ಅರೇ ಫಾರ್ಮುಲಾಕ್ಕೆ ಒಂದು ದಿನ, ಒಂದು ಚೌಕ ಎಂಬ ಸಂಕುಚಿತ ಮನೋಭಾವ ಇಲ್ಲ. ನಾನು, ನಾನು, ನಾನು ಎಂದು ಕಾಲಂ ಪಾತಾಳದವರೆಗೆ ಇಳಿಯಿತು.

ಹೌಹಾರಿದ ಸಾಹೇಬರು ಮಂಗಳವಾರದ ‘ನಾನು’ವನ್ನು ಅಳಿಸಹೋದರು. ಯಂತ್ರ ಒಪ್ಪಲಿಲ್ಲ. ಬುಧವಾರಕ್ಕೆ ಹೋದರು. ಅರೇಯ ಒಂದು ಭಾಗವನ್ನು ಮಾತ್ರ ಬದಲಾಯಿಸಲು ಬರುವುದಿಲ್ಲ ಎಂದು ಟಿವಿಯ ನಡುಮಧ್ಯೆ, ಎಲ್ಲರಿಗೂ ಕಾಣುವಂತೆ, ಒಂದು ಪೆಟ್ಟಿಗೆ ಎದ್ದು ನಿಂತಿತು.

“ಎಂಥ ಮಗ!” ಎಂದು ಅಕ್ಕ ಕಣ್ಣು ಒರೆಸಿಕೊಂಡಳು. ನಿಜವಾಗಿಯೂ ಕಣ್ಣಲ್ಲಿ ನೀರಿತ್ತು. “ಇಷ್ಟು ದಿನವೂ ತಾನೇ ಅಂತಾನೆ ನೋಡು.” ತಮ್ಮ ಎದ್ದು ಬಂದು ಬೆನ್ನು ತಟ್ಟಿದ. ಇಬ್ಬರೂ ಟೀ ಮುಗಿಸಿ, ಸಾಹೇಬರು ಬಾಯಿ ತೆರೆಯುವ ಮೊದಲೇ ಚಪ್ಪಲಿ ಮೆಟ್ಟಿ ಹೊರಟುಹೋದರು.

ಸೋಮವಾರ ಬೆಳಗ್ಗೆ ಹೆಂಡತಿ ಊಟದ ಡಬ್ಬಿ ಹಿಡಿದು ಅಂಗಡಿಗೆ ಹೊರಟಳು. ಸಾಹೇಬರು ಗೋದಾಮಿಗೆ ರಜೆ ಹಾಕಿದ್ದರು. ಮ್ಯಾನೇಜರ್, “ತಗೊಳ್ಳಿ ತಗೊಳ್ಳಿ, ಇಲ್ಲೇನೂ ತೊಂದರೆ ಆಗಲ್ಲ” ಎಂದು ಉದಾರವಾಗಿ ಹೇಳಿ ಅವರ ಮನಸ್ಸನ್ನು ಇನ್ನಷ್ಟು ನೋಯಿಸಿದ್ದ. ಅಮ್ಮನ ಮಂಚದ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು, ಹಗಲಿಡೀ ಹೊಸ ಫಾರ್ಮುಲಾ ಕಲಿಯಬಹುದಲ್ಲ ಎಂದು ಸಮಾಧಾನ ಮಾಡಿಕೊಂಡು ಕೂತರು.

ಕೂತು ಲ್ಯಾಪ್‌ಟಾಪ್ ಬಿಸಿಯಾಗುವ ಮೊದಲೇ ಅಮ್ಮ ಹೇಳಿದಳು: “ಅವಳನ್ನ ಕರಿ.”

“ಅವಳು ಅಂಗಡಿಗೆ ಹೋದಳಲ್ಲಮ್ಮ. ಏನು ಬೇಕು? ನಾನಿದ್ದೀನಿ.”

“ನೀನು ಬೇಡ.”

“ನೀರಾ?”

“ನೀರು ಬೇಡ. ಕುಡಿದದ್ದೇ ತೊಂದರೆ ಆಗಿರೋದು.”

ಸಾಹೇಬರಿಗೆ ವಿಷಯ ಅರ್ಥವಾಯಿತು. ಕಿವಿ ಕೆಂಪಾಯಿತು. ಅಮ್ಮ ಗೋಡೆಗೆ ಮುಖ ಮಾಡಿ, “ಸಂಜೆವರೆಗೂ ತಡ್ಕೋತೀನಿ” ಎಂದಳು. ಸಾಹೇಬರು ಅಡುಗೆಮನೆಗೆ ಓಡಿ ಅಕ್ಕನಿಗೆ ಫೋನು ಮಾಡಿದರು. ಅಕ್ಕ ಗಿರಾಕಿಯೊಬ್ಬಳ ತಲೆಗೆ ಬಣ್ಣ ಹಚ್ಚಿ ನಿಂತಿದ್ದಳು. “ಈಗ ಬಿಟ್ಟು ಬಂದ್ರೆ ತಲೆ ಹಸಿರಾಗುತ್ತೆ ಕಣೋ! ಅವಳ ಗಂಡ ನನ್ನ ಸುಮ್ನೆ ಬಿಡ್ತಾನಾ?” ತಮ್ಮನ ಫೋನನ್ನು ಯಾರೋ ಕಲಿಯುವವನು ಎತ್ತಿ, “ಸಾರ್ ಈಗ ಕಣ್ಣು ಮುಚ್ಕೊಂಡಿದ್ದಾರೆ, ನಾನು ರಿವರ್ಸ್ ತಗೋತಿದ್ದೀನಿ” ಎಂದ. ಬೇರೆ ದಾರಿಯಿಲ್ಲದೆ ಹೆಂಡತಿಗೆ ಮಾಡಿದರು.

“ಒಂದು ಹತ್ತು ನಿಮಿಷ ಬಂದು ಹೋಗ್ತೀಯಾ?”

“ಬರೋಕಾಗಲ್ಲ. ಅತ್ತೆಗೆ ಫೋನ್ ಕೊಡಿ.”

ಕೊಟ್ಟರು. ಆ ಕಡೆಯಿಂದ ಏನು ಹೇಳಿದಳೋ, ಅಮ್ಮ ಬರೀ ಹೂಂ ಎಂದಳು, ಒಮ್ಮೆ ಉಹೂಂ ಎಂದಳು, ಕೊನೆಗೆ ಮತ್ತೆ ಹೂಂ ಎಂದಳು. ಫೋನು ವಾಪಸ್ ಕೊಟ್ಟು, “ಕಣ್ಣು ಮುಚ್ಕೋ” ಎಂದಳು. “ಬಾಯಿನೂ ಮುಚ್ಕೋ. ನಾನು ಹೇಳಿದ ಹಾಗೆ ಮಾಡು.”

ಕಣ್ಣು ಮುಚ್ಚಿಕೊಂಡು ಬೆಡ್‌ಪ್ಯಾನ್ ಇಡುವ ಕಲೆಗೆ ಯಾವ ವೀಡಿಯೋವೂ ಇಲ್ಲ. ಅಮ್ಮ ಬಟ್ಟೆ ಕತ್ತರಿಸುವಾಗಿನ ದನಿಯಲ್ಲಿ ಆಜ್ಞೆ ಕೊಟ್ಟಳು: ಎಡಕ್ಕೆ, ಇನ್ನೂ ಎಡಕ್ಕೆ, ಅದು ನನ್ನ ಮೊಣಕಾಲು ಕಣೋ, ಮೇಲಕ್ಕೆ, ನಿಲ್ಲಿಸು. ಇಟ್ಟದ್ದು ಹೇಗೋ ಆಯಿತು. ತೆಗೆಯುವಾಗ ಸಾಹೇಬರ ಕಾಲಿಗೆ ಲ್ಯಾಪ್‌ಟಾಪಿನ ತಂತಿ ಸಿಕ್ಕಿತು. ಮುಂದೆ ನಡೆದದ್ದನ್ನು ವರ್ಣಿಸಬಾರದು. ಲ್ಯಾಪ್‌ಟಾಪ್ ಮೂರು ದಿನ ಅಕ್ಕಿಯ ಡಬ್ಬದಲ್ಲಿ ಮಲಗಿ ಎದ್ದಿತಾದರೂ, ಅದರ ಎಂಟರ್ ಕೀಲಿ ಮತ್ತೆ ಮೇಲೇಳಲಿಲ್ಲ.

ಅಂದಿನಿಂದ ಸಾಹೇಬರ ಹಗಲು ಹೇಗೆ ಕಳೆಯಿತೆಂದರೆ, ಕಳೆದದ್ದೇ ತಿಳಿಯಲಿಲ್ಲ, ಮುಗಿದದ್ದೂ ತಿಳಿಯಲಿಲ್ಲ. ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಹಾಸಿಗೆಯಲ್ಲಿ ಸುಕ್ಕಿರಬಾರದು, ಅಮ್ಮ ಬೆನ್ನಿನಿಂದಲೇ ಸುಕ್ಕು ಪತ್ತೆ ಹಚ್ಚಿ, “ಮೂಲೆ ಎಳಿ. ಇಸ್ತ್ರಿ ಅಂಗಿ ಹಾಕೋಕೆ ಬರುತ್ತೆ, ಬಟ್ಟೆ ಎಳೆಯೋಕೆ ಬರಲ್ವಾ?” ಎನ್ನುತ್ತಿದ್ದಳು. ಗಂಜಿ ಬಿಸಿಯಾದರೆ ಬೈಗುಳ, ಆರಿದರೂ ಬೈಗುಳ. ತಲೆ ಒರೆಸಬೇಕು, ಕಾಲು ನೀವಬೇಕು, ಬಟ್ಟೆ ಒಗೆಯಬೇಕು, ಒಣಗಿದ್ದನ್ನು ಮಡಿಸುವಷ್ಟರಲ್ಲಿ ಮತ್ತೆ ಒಗೆಯಬೇಕು. ನಡುವೆ ಅಮ್ಮನಿಗೆ ಬೇಜಾರಾದರೆ ಮಾತಾಡಬೇಕು, ಮಾತು ಶುರುವಾದ ಮೇಲೆ “ಸುಮ್ನಿರು, ನಿದ್ದೆ ಬರ್ತಿದೆ” ಎಂದರೆ ಸುಮ್ಮನಾಗಬೇಕು. ಇದ್ಯಾವುದಕ್ಕೂ ಶೀಟಿನಲ್ಲಿ ಕಾಲಂ ಇರಲಿಲ್ಲ. ‘ಪಾಳಿ’ ಎಂಬ ಎರಡಕ್ಷರದೊಳಗೆ ಇಷ್ಟೆಲ್ಲ ಹಿಡಿಸಿದ್ದು ಸಾಹೇಬರಿಗೆ ಗೊತ್ತೇ ಇರಲಿಲ್ಲ.

ಸಂಜೆ ಹೆಂಡತಿ ಬಂದು ಚಪ್ಪಲಿ ಬಿಟ್ಟು, “ಹೇಗಾಯ್ತು?” ಎಂದರೆ, ಸಾಹೇಬರು ಬೆಳಗಿನಿಂದ ಮಾಡಿದ್ದನ್ನೆಲ್ಲ ಹೇಳಲು ಬಾಯಿ ತೆರೆಯುತ್ತಿದ್ದರು. ಎಲ್ಲಿಂದ ಶುರು ಮಾಡಬೇಕೆಂದು ತೋಚದೆ, “ಏನೂ ಇಲ್ಲ” ಎನ್ನುತ್ತಿದ್ದರು. ಅವಳು ಅವರ ಮುಖವನ್ನು ಒಂದು ಕ್ಷಣ ದಿಟ್ಟಿಸಿ, ಒಳಗೆ ಹೋಗುತ್ತಿದ್ದಳು. ಒಮ್ಮೆ ಅವರು, “ನೀನು ಇದನ್ನೆಲ್ಲ ಮಾಡಿ ಆಮೇಲೆ ಅಡುಗೆನೂ ಮಾಡ್ತಿದ್ದೆಯಾ?” ಎಂದು ಕೇಳಿದರು. “ಮೊದಲೇ ಮಾಡಿಟ್ಟಿರ್ತಿದ್ದೆ” ಎಂದಳು. ಅವಳ ದನಿಯಲ್ಲಿ ಕೋಪವಿದ್ದಿದ್ದರೆ ಸಾಹೇಬರು ಬದುಕಿಕೊಳ್ಳುತ್ತಿದ್ದರು.

ಅಕ್ಕ ಬರಲಿಲ್ಲವೆಂದು ಹೇಳಬಾರದು. ಒಂದು ಮಧ್ಯಾಹ್ನ ಪಾರ್ಲರಿನ ಪೆಟ್ಟಿಗೆಯ ಸಮೇತ ಬಂದಳು. ಅಮ್ಮನ ಕೂದಲಿಗೆ ಕಪ್ಪು ಬಣ್ಣ ಹಚ್ಚಿ, ಉಗುರಿಗೆ ರಂಗು ಬಳಿದು, ಮುಖಕ್ಕೆ ಏನೋ ತಣ್ಣನೆಯದನ್ನು ಸವರಿ, ಅಮ್ಮನ ಕೆನ್ನೆಗೆ ಕೆನ್ನೆ ಒತ್ತಿ ಫೋಟೋ ತೆಗೆದುಕೊಂಡು ಹೋದಳು. ಅಮ್ಮ ಸಂಜೆಯವರೆಗೂ ಕನ್ನಡಿ ಕೆಳಗಿಡಲಿಲ್ಲ. ದಿಂಬಿನ ಚೀಲದ ಕಪ್ಪು ಕಲೆಯನ್ನು ಸಾಹೇಬರು ಉಜ್ಜಿ ಉಜ್ಜಿ ತೊಳೆದರು. ಫೋಟೋಕ್ಕೆ ಬಂದ ಮೆಚ್ಚುಗೆಗಳನ್ನು ಅಕ್ಕ ಕುಟುಂಬದ ಗುಂಪಿಗೆ ಕಳಿಸಿದ್ದಳು. ‘ತಾಯಿಯ ಸೇವೆ ಮಾಡೋ ಮಗಳು ಪುಣ್ಯವಂತೆ’ ಎಂದು ಯಾರೋ ಬರೆದಿದ್ದರು. ತಮ್ಮನೂ ಒಂದು ಸಲ ಬಂದ. ಬಾಡಿಗೆಗೆ ತಂದ ಗಾಲಿಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿ ಬೀದಿಯ ಕೊನೆಯವರೆಗೆ ತಳ್ಳಿಕೊಂಡು ಹೋಗಿ, ತಿರುವಿನಲ್ಲಿ ಹಾರನ್ನಿನಂತೆ ಬಾಯಲ್ಲಿ ಸದ್ದು ಮಾಡಿ, ಅಮ್ಮನನ್ನು ನಗಿಸಿ ವಾಪಸ್ ತಂದು ಬಿಟ್ಟ. ಕುರ್ಚಿಯಿಂದ ಮಂಚಕ್ಕೆ ಎತ್ತುವ ಹೊತ್ತಿಗೆ ಅವನ ಕಾರು ತಣ್ಣಗಾಗಿತ್ತು. ಹೊರಟ.

ಒಂದೂವರೆ ತಿಂಗಳು ಮುಗಿದ ಮೇಲೆ ಡಾಕ್ಟರು ಎಕ್ಸ್‌ರೇ ತೆಗೆಸಿ ಮೂಳೆ ಕೂಡಿದೆ ಎಂದರು. ವ್ಯಾಯಾಮ ಮಾಡಿಸುವ ಹುಡುಗಿಯೊಬ್ಬಳನ್ನು ಮನೆಗೆ ಕಳಿಸಿದರು. ಹುಡುಗಿ ಅಮ್ಮನ ಕಾಲನ್ನು ಎತ್ತಿ ಇಳಿಸಿ, ಬೆನ್ನನ್ನು ತಿರುಗಿಸಿ ನೋಡಿ ಆಶ್ಚರ್ಯಪಟ್ಟಳು. “ಅಜ್ಜಿ, ಇಷ್ಟು ದಿನ ಮಲಗಿದ್ದೋರ ಬೆನ್ನು ಇದು ಅಂದ್ರೆ ಯಾರೂ ನಂಬಲ್ಲ. ಒಂದು ಕೆಂಪು ಕಲೆ ಕೂಡ ಇಲ್ಲ! ಯಾರು ನಿಮ್ಮನ್ನ ಇಷ್ಟು ಚೆನ್ನಾಗಿ ನೋಡ್ಕೊಂಡಿದ್ದು?”

ಸಾಹೇಬರು ಬಾಗಿಲ ಬಳಿ, ಹೆಗಲ ಮೇಲೆ ಒದ್ದೆ ಟವೆಲು ಹಾಕಿಕೊಂಡು ನಿಂತಿದ್ದರು. ಗೋದಾಮಿನಲ್ಲಿ ಇಷ್ಟು ವರ್ಷ ಕಾದ ಮಾತು ಅದು. ಟವೆಲು ತೆಗೆದು ಮಡಿಸಿದರು. ಮುಖದ ಮೇಲೆ ವಿನಯ ತಂದುಕೊಂಡು, ‘ಅಯ್ಯೋ, ಅದೇನು ದೊಡ್ಡದು’ ಎನ್ನಲು ತುಟಿ ಸಜ್ಜು ಮಾಡಿಕೊಂಡರು. ಹೆಂಡತಿ ಆಗಷ್ಟೇ ಅಂಗಡಿಯಿಂದ ಬಂದು ಹೊಸ್ತಿಲಲ್ಲಿ ಒಂದು ಚಪ್ಪಲಿ ಬಿಟ್ಟಿದ್ದಳು.

“ಇನ್ಯಾರು, ನನ್ನ ಮಗಳು!” ಎಂದಳು ಅಮ್ಮ. ಕಪ್ಪು ಕೂದಲನ್ನು ಹಿಂದಕ್ಕೆ ಸರಿಸಿ ತೋರಿಸಿದಳು. “ನೋಡಮ್ಮ, ಹೇಗೆ ಮಾಡಿಟ್ಟಿದ್ದಾಳೆ. ಅಷ್ಟು ಕೆಲಸ ಇದ್ರೂ ನನಗೋಸ್ಕರ ಬಂದು ಹೋಗ್ತಾಳೆ. ಕಿರಿಯವನೂ ಹಾಗೇ. ಬೀದಿಯೆಲ್ಲಾ ಸುತ್ತಾಡಿಸಿದ.”

ಹುಡುಗಿಗೆ ಟವೆಲಿನ ಮೇಲೆ ಕರುಣೆ ಬಂದಿರಬೇಕು. “ಮತ್ತೆ ಇವರು?” ಎಂದಳು.

“ಇವನಾ?” ಅಮ್ಮ ಸಾಹೇಬರ ಕಡೆ ತಿರುಗಿ, ಅವರು ಅಲ್ಲಿದ್ದದ್ದು ಆಗಲೇ ಕಣ್ಣಿಗೆ ಬಿದ್ದವಳಂತೆ ನೋಡಿದಳು. “ಇವನು ಹೇಗೂ ಮನೇಲೇ ಇರ್ತಾನಲ್ಲ.”

ಹೊಸ್ತಿಲಲ್ಲಿ ಹೆಂಡತಿಗೆ ನಗು ಬಂತು. ಮೊದಲು ತುಟಿಯೊಳಗೆ ತಡೆದಳು. ಆಗಲಿಲ್ಲ. ಇನ್ನೊಂದು ಚಪ್ಪಲಿ ಕಾಲಲ್ಲೇ ಉಳಿದು, ಬಾಗಿಲ ಚೌಕಟ್ಟು ಹಿಡಿದು, ನಕ್ಕಳು. ಡಬ್ಬಿ ಕೈಯಿಂದ ಜಾರಿ ಉರುಳಿದರೂ ನಿಲ್ಲಿಸದೆ ನಕ್ಕಳು. ಮದುವೆಯಾದಂದಿನಿಂದ ಕೂಡಿಟ್ಟಿದ್ದ ನಗುವದು. ನಡುವೆ ಅದು ಯಾವಾಗ ನಗುವಾಗಿರುವುದು ಬಿಟ್ಟಿತೋ ಸಾಹೇಬರಿಗೆ ಗೊತ್ತಾಗಲಿಲ್ಲ. ಅವಳು ಮುಖವನ್ನು ಸೆರಗಿನಿಂದ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತಿದ್ದಳು. ಏನಾದರೂ ಹೇಳಬೇಕೆಂದು ಅವರು ಒಂದು ಹೆಜ್ಜೆ ಮುಂದಿಟ್ಟರು.

ಅಷ್ಟರಲ್ಲಿ ಅಡುಗೆಮನೆಯಿಂದ ಸುಟ್ಟ ವಾಸನೆ ಬಂತು.

“ಹಾಲು” ಎಂದಳು ಅಮ್ಮ ಮಂಚದಿಂದ.

“ಹಾಲು” ಎಂದಳು ಹೆಂಡತಿ, ಸೆರಗಿನೊಳಗಿಂದ.

“ಹಾಲು ಉಕ್ತಿದೆ ಅನ್ಸುತ್ತೆ ಸಾರ್” ಎಂದಳು ಆ ಮನೆಗೆ ಅಂದೇ ಮೊದಲು ಕಾಲಿಟ್ಟಿದ್ದ ವ್ಯಾಯಾಮದ ಹುಡುಗಿ.

ಕೂತವರು ಯಾರೂ ಅಲುಗಾಡಲಿಲ್ಲ. ಸಾಹೇಬರು ಟವೆಲು ಹಿಡಿದುಕೊಂಡು ಒಳಗೆ ಓಡಿದರು.